ಹೊಟ್ಟೆ ಕಟ್ಟಿದೆ ಅನ್ನೋಕೆ ಯಾಕಿಷ್ಟು ನಾಚಿಕೆ?

ಇವತ್ತಿನ ಪದ ಮಲಬದ್ಧತೆ. ನಗಬೇಡಿ, ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲ, ಪಕ್ಕದವರಿಗೆ ಕೇಳಿಸಲ್ಲ.

ಸಂಸ್ಕೃತದ 'ಬದ್ಧ' ಅಂದ್ರೆ ಕಟ್ಟಲ್ಪಟ್ಟದ್ದು. ನಾನು ಬಿ.ಕಾಂ.ನಲ್ಲಿ ಉರು ಹೊಡೆದ 'ಕಾನೂನುಬದ್ಧ ಒಪ್ಪಂದ'ದಲ್ಲೂ, ರಾಜಕಾರಣಿಗಳ 'ಬದ್ಧತೆ'ಯಲ್ಲೂ ಇರೋದು ಇದೇ ಬದ್ಧ. ಆದ್ರೆ ಮಲಬದ್ಧತೆ ಅನ್ನೋದು ಜಾಹೀರಾತಿನ ಕನ್ನಡ. ಮನೆಯಲ್ಲಿ 'ಹೊಟ್ಟೆ ಕಟ್ಟಿದೆ', 'ಮೋಷನ್ ಆಗಿಲ್ಲ' ಅಂತೀವಿ. ನೋಡಿ, ಅಲ್ಲೂ ಕಟ್ಟಿರೋದೇ!

ಅಪಾಯ ಇರೋದು 'ಹೊಟ್ಟೆ ಸರಿ ಇಲ್ಲ' ಅನ್ನೋ ಮಾತಲ್ಲಿ. ನಮ್ಮಜ್ಜಿ ನಾಚ್ಕೊಂಡು ಇಷ್ಟೇ ಹೇಳಿದ್ರು. ನಾನು ಭೇದಿ ಅಂದ್ಕೊಂಡು, ಯಾರನ್ನೂ ಕೇಳದೆ, ಭೇದಿ ನಿಲ್ಲಿಸೋ ಮಾತ್ರೆ ತಂದುಕೊಟ್ಟೆ. ಅದು ಕರುಳಿನ ಚಲನೆಯನ್ನ ಇನ್ನೂ ನಿಧಾನ ಮಾಡೋ ಮಾತ್ರೆ. ಆಮೇಲೆ ಎರಡು ದಿನ ಅಜ್ಜಿ ಪಟ್ಟ ಪಾಡು ಪೂರ್ತಿ ನನ್ನ ತಪ್ಪು.

ಅಂದಹಾಗೆ, ಒಂದು ದಿನ ಆಗದಿದ್ರೆ ಅದು ಮಲಬದ್ಧತೆ ಅಲ್ಲ. ವಾರಕ್ಕೆ 3 ಸಲಕ್ಕಿಂತ ಕಡಿಮೆ, ಅಥವಾ ಗಟ್ಟಿಯಾಗಿ ತಿಣುಕಬೇಕಾಗಿ ಬಂದ್ರೆ ಸಾಮಾನ್ಯವಾಗಿ ವೈದ್ಯರು ಹಾಗಂತಾರೆ.

ಈಗ ನಾನೇ ನೇರವಾಗಿ ಕೇಳ್ತೀನಿ: "ಅಜ್ಜಿ, ಕಟ್ಟಿದ್ಯಾ, ಕಿತ್ಕೊಂಡಿದ್ಯಾ?"