ಆಲಿಕಲ್ಲು ಬಡಿದ ಕಾರು: ಕೊಳ್ಳುವುದೇ, ಬಿಡುವುದೇ?



ಬೇಸಗೆಯ ಆಲಿಕಲ್ಲು ನಮ್ಮ ದ್ರಾಕ್ಷಿ, ಮಾವನ್ನಷ್ಟೇ ಅಲ್ಲ, ಬಯಲಲ್ಲಿ ನಿಂತ ಕಾರುಗಳನ್ನೂ ಬಡಿಯುತ್ತದೆ. ಅಂಥ ಕಾರು ಕೃಷ್ಣರಾಜಪುರದಲ್ಲಿ ಅಗ್ಗಕ್ಕೆ ಸಿಕ್ಕರೆ ಕೊಳ್ಳಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದೀರಿ.

ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡುತ್ತೀರಲ್ಲವೇ? ಇಲ್ಲಿಯೂ ಹಾಗೆಯೇ. ತಗಡು ತಗ್ಗಾಗಿದ್ದರೂ ಬಣ್ಣ ಉಳಿದಿದ್ದರೆ ಅದು ಅಂದದ ಕುಂದು ಮಾತ್ರ. ಬಣ್ಣ ಎದ್ದಿದ್ದರೆ ಅಲ್ಲಿ ತುಕ್ಕು ಹಿಡಿಯುತ್ತದೆ. ಗಾಜು ಒಡೆದಿದ್ದರೆ ಮಳೆನೀರು ಒಳಗಿಳಿದು ವಿದ್ಯುತ್ ತಂತಿಗಳನ್ನು ಕೆಡಿಸಿರಬಹುದು. ಕಾಲಡಿಯ ಹಾಸನ್ನು ಎತ್ತಿ, ಮುಟ್ಟಿ ನೋಡಿ. ದುರಸ್ತಿಗೆ ಎಷ್ಟಾದೀತೆಂದು ಶಿವಾಜಿನಗರದಲ್ಲಿ ನಂಬಿಕೆಯ ಮೆಕ್ಯಾನಿಕ್ಕನ್ನು ಕೇಳಿ, ಕಾರಿನ ಬೆಲೆಗೆ ಕೂಡಿಸಿ. ಆ ಮೊತ್ತ ಪೆಟ್ಟಿಲ್ಲದ ಅದೇ ವರ್ಷದ ಕಾರಿನ ಬೆಲೆಯನ್ನು ಮುಟ್ಟಿದರೆ ಬಿಟ್ಟುಬಿಡಿ.

ಆರ್.ಸಿ., ವಿಮೆ, ಬ್ಯಾಂಕಿನ ಸಾಲ ತೀರಿದ ಪತ್ರ ಇವುಗಳನ್ನು ನೋಡದೆ ಮುಂಗಡ ಕೊಡಬೇಡಿ. ಕೊಂಡ ಮೇಲೆ 29 ಮತ್ತು 30ನೇ ನಮೂನೆಗಳನ್ನು ಸಾರಿಗೆ ಕಚೇರಿಗೆ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳಿ. ಹಳೆಯ ಪೆಟ್ಟಿಗೆ ನೀವು ಮಾಡಿಸುವ ಹೊಸ ವಿಮೆ ಹಣ ಕೊಡುವುದಿಲ್ಲವೆಂಬುದೂ ನೆನಪಿರಲಿ.

ಕಡೆಯದಾಗಿ ಒಂದು ಮಾತು. ಮುಂಗಾರಿನ ಬೀಜ, ಗೊಬ್ಬರಕ್ಕೆ ತೆಗೆದಿಟ್ಟ ಹಣವನ್ನು ಮಾತ್ರ ಮುಟ್ಟಬೇಡಿ. ಕಾರು ಒಂದು ವರ್ಷ ತಡವಾದರೂ ನಡೆದೀತು. ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ.