ಹಾರ್ಮೋನುಗಳೂ ಯೋನಿಯ ಜೀವಕೋಶಗಳೂ

ನಾಚಿಕೆಯಿಂದ ಮರೆಯಲ್ಲಿಟ್ಟಿರುವ ಸಂಗತಿಯೊಂದನ್ನು ಇಂದು ನಿಮಗೆ ಬಿಚ್ಚಿ ಹೇಳಬೇಕಾಗಿದೆ. ಯೋನಿಯ ಒಳಗೋಡೆ ನಮ್ಮ ಚರ್ಮದಂತೆಯೇ ಪದರಪದರವಾಗಿ ಬೆಳೆದದ್ದು. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತ ಬಂದು ಕಡೆಗೆ ಉದುರಿಹೋಗುತ್ತದೆ. ಅದು ಎಷ್ಟು ಬಲಿಯಬೇಕೆಂಬುದನ್ನು ನಿರ್ಧರಿಸುವುವು ಅಂಡಾಶಯದ ಹಾರ್ಮೋನುಗಳು.

1917ರಲ್ಲಿ ನ್ಯೂಯಾರ್ಕಿನ ಸ್ಟಾಕರ್ಡ್ ಮತ್ತು ಪಾಪನಿಕೊಲಾವ್ ಎಂಬ ವಿಜ್ಞಾನಿಗಳು ಗಿನಿಯಿಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಆ ಪ್ರಾಣಿಗೆ ಹೊರಗೆ ಕಾಣುವ ಮುಟ್ಟಿಲ್ಲ. ಆದರೂ ಯೋನಿಯ ದ್ರವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಾಶಯದ ದಿನಚರಿಯೇ ತಿಳಿಯುತ್ತಿತ್ತು. ಮುಂದೆ ಸ್ತ್ರೀಯರ ಪರೀಕ್ಷೆಗೆ ತೊಡಗಿದಾಗ ಪಾಪನಿಕೊಲಾವರ ಪತ್ನಿಯೇ ವರ್ಷಗಟ್ಟಲೆ ಮಾದರಿ ಒದಗಿಸಿದರು. ಪ್ಯಾಪ್ ಪರೀಕ್ಷೆ ಹುಟ್ಟಿದ್ದು ಈ ದಾರಿಯಲ್ಲಿ. ಆಕೆಗೆ ಇನ್ನಷ್ಟು ಕೀರ್ತಿ ಸಲ್ಲಬೇಕಿತ್ತೆಂದು ನನಗೆ ತೋರುತ್ತದೆ.

ಮುಟ್ಟು ಕಳೆದಂದಿನಿಂದ ಅಂಡ ಬಿಡುಗಡೆಯಾಗುವವರೆಗೆ ಈಸ್ಟ್ರೊಜನ್ ಏರುತ್ತದೆ. ಆಗ ಮೇಲ್ಪದರದ ಕೋಶಗಳು ಹಪ್ಪಳದಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಅಗಲ ಸುಮಾರು ಮಿಲಿಮೀಟರಿನ 20ರಲ್ಲೊಂದು ಪಾಲು. ಕೋಶಕೇಂದ್ರ ಮಾತ್ರ ಚುಕ್ಕೆಯಷ್ಟಕ್ಕೆ ಕುಗ್ಗಿರುತ್ತದೆ. ಅನಂತರ ಪ್ರೊಜೆಸ್ಟರೋನಿನ ಕೈ ಮೇಲಾದಾಗ ಕೋಶಗಳ ಅಂಚು ಮಡಿಚಿಕೊಂಡು ಅವು ಗುಂಪುಗೂಡುತ್ತವೆ. ಗರ್ಭಿಣಿಯರಲ್ಲಿ ಕೆಲವು ಕೋಶಗಳು ದೋಣಿಯ ಆಕಾರ ತಾಳುವುದುಂಟು.

ಮುಟ್ಟು ಪೂರ್ತಿ ನಿಂತ ಮೇಲೆ ಈಸ್ಟ್ರೊಜನ್ ಇಳಿದು ಗೋಡೆ ತೆಳುವಾಗುತ್ತದೆ. ಉದುರುವ ಕೋಶಗಳು ಬಲಿಯದವು, ಗುಂಡನೆಯವು, ಅಗಲದಲ್ಲಿ ಮೊದಲಿನ ಅರ್ಧದಷ್ಟಿರಬಹುದು. ಅವುಗಳಲ್ಲಿದ್ದ ಗ್ಲೈಕೋಜನ್ ಕಡಿಮೆಯಾದಂತೆ, ಅದರ ಬಲದಿಂದ ಆಮ್ಲ ತಯಾರಿಸಿ ಸೋಂಕನ್ನು ತಡೆಯುತ್ತಿದ್ದ ಹಿತಕಾರಿ ಸೂಕ್ಷ್ಮಜೀವಿಗಳೂ ಕುಗ್ಗುತ್ತವೆ. ಒಣಗುವಿಕೆ, ಉರಿ, ಮರಳಿ ಮರಳಿ ಬರುವ ಮೂತ್ರದ ಸೋಂಕು—ಇವನ್ನೆಲ್ಲ ‘ವಯಸ್ಸಾಯಿತಲ್ಲ’ ಎಂದು ನುಂಗಿಕೊಂಡಿರುವ ತಾಯಂದಿರು ಎಷ್ಟು ಮಂದಿ! ಹಾಗೆ ನುಂಗಬೇಕಾದ ಅಗತ್ಯವಿಲ್ಲ. ಆ ಜಾಗಕ್ಕೇ ಹಚ್ಚುವ ಈಸ್ಟ್ರೊಜನ್ ಮುಲಾಮು ಉಂಟು. ವೈದ್ಯರನ್ನು ಕೇಳಿಯೇ ಬಳಸಬೇಕು. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಇನ್ನೊಂದು ತೊಡಕು. ಈ ಸಣ್ಣ ಕೋಶಗಳಲ್ಲಿ ಕೋಶಕೇಂದ್ರವೇ ದೊಡ್ಡದಾಗಿ ಕಾಣುವುದರಿಂದ ಪ್ಯಾಪ್ ಪರೀಕ್ಷೆಯಲ್ಲಿ ಕೆಲವೊಮ್ಮೆ ಕ್ಯಾನ್ಸರಿನ ಸಂಶಯ ಬರುತ್ತದೆ. ಆಗ ಕೆಲವು ದಿನ ಈಸ್ಟ್ರೊಜನ್ ಕೊಟ್ಟು ಮತ್ತೆ ಪರೀಕ್ಷಿಸುವ ಕ್ರಮವಿದೆ. ಸಹಜ ಕೋಶಗಳಾದರೆ ಬಲಿಯುತ್ತವೆ. ರೋಗದ ಕೋಶಗಳು ಹಾಗೆಯೇ ಉಳಿದು ಎದ್ದು ಕಾಣುತ್ತವೆ. ಆದ್ದರಿಂದ ಮಾದರಿ ಕೊಡುವಾಗ ನಿಮ್ಮ ವಯಸ್ಸು, ಕಡೆಯ ಮುಟ್ಟಿನ ದಿನ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು—ಇವನ್ನು ಸಂಕೋಚವಿಲ್ಲದೆ ಹೇಳಿ. ಮುಟ್ಟು ನಿಂತು ವರ್ಷ ಕಳೆದವರಿಗೆ ಒಂದೇ ಹನಿ ರಕ್ತ ಕಂಡರೂ ಸರಿ, ಅದನ್ನು ಬರಿಯ ಒಣಗುವಿಕೆಯೆಂದು ನೀವೇ ತೀರ್ಮಾನಿಸದೆ ಅದೇ ವಾರ ವೈದ್ಯರಿಗೆ ತೋರಿಸಿ.