ಸೋಸುವ ಪೊರೆಗೂ ಬಿಡುವು ಬೇಕು



ಆಲೆಮನೆಯಲ್ಲಿ ಕಬ್ಬಿನ ಹಾಲು ಸೋಸುವುದನ್ನು ನೀವು ನೋಡಿದ್ದೀರಿ. ಮೊದಲ ಕೊಡ ಸರಾಗವಾಗಿ ಇಳಿಯುತ್ತದೆ. ನಾಲ್ಕನೆಯ ಕೊಡದ ಹೊತ್ತಿಗೆ ಬಟ್ಟೆ ಕಟ್ಟಿಕೊಳ್ಳುತ್ತದೆ. ಹೊಸ ಆಳು ಏನು ಮಾಡುತ್ತಾನೆ? ಕೈಯಿಂದ ಒತ್ತುತ್ತಾನೆ. ಒತ್ತಿದಷ್ಟೂ ಸಿಪ್ಪೆಯ ಪುಡಿ ನೂಲಿನ ಸಂದಿಗೆ ಇನ್ನೂ ಒಳಕ್ಕೆ ಹೋಗುತ್ತದೆ. ಅನುಭವಸ್ಥರು ಬಟ್ಟೆಯನ್ನು ತಿರುವಿ, ಹಿಂದಿನಿಂದ ನೀರು ಹೊಯ್ಯುತ್ತಾರೆ. ಬಚ್ಚಲು ನೀರು ಸೋಸುವುದಕ್ಕೂ ಇದೇ ಬುದ್ಧಿ ಬೇಕು. ಇವೊತ್ತು ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಮನೆಯ ಹಿತ್ತಲಲ್ಲಿ ನಾನೇ ಮುಂದೆ ನಿಂತು ಸೋಸುವ ತೊಟ್ಟಿ ಕಟ್ಟಿಸಿದೆ. ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಒಂದಡಿ ದಪ್ಪ ಮರಳು. ಎಂಟು ಬಾಳೆ, ಎರಡು ತೆಂಗು ಆ ನೀರಿನಲ್ಲೇ ಬೇಸಿಗೆ ಕಳೆಯಬೇಕಿತ್ತು. ಮೂರೇ ತಿಂಗಳಲ್ಲಿ ನೀರು ಇಳಿಯದೆ ಮೇಲೆಯೇ ನಿಂತಿತು, ನಾತ ಬಂತು, ಸೊಳ್ಳೆ ಎದ್ದವು. ಆ ಮನೆಯ ತಾಯಿ, “ಸ್ವಾಮಿ, ನಿಮ್ಮ ತೊಟ್ಟಿಗಿಂತ ಬೀದಿ ಚರಂಡಿಯೇ ವಾಸಿಯಾಗಿತ್ತು” ಅಂದರು. ತಪ್ಪು ನನ್ನದೇ. ತೊಟ್ಟಿ ಕಟ್ಟುವುದನ್ನು ಹೇಳಿದ್ದೆ, ಅದು ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುವುದನ್ನು ಹೇಳಿರಲಿಲ್ಲ.

ಮರಳು ಕಟ್ಟಿಕೊಳ್ಳುವುದು ಏತಕ್ಕೆ? ಒಂದು, ಮಣ್ಣು ಮತ್ತು ಕೂದಲು. ಎರಡು, ಪಾತ್ರೆ ತೊಳೆದ ಜಿಡ್ಡು. ಮೂರು, ಈ ಕೊಳೆಯನ್ನು ತಿಂದು ಬೆಳೆಯುವ ಸೂಕ್ಷ್ಮ ಜೀವಿಗಳ ಲೋಳೆ. ನಾಲ್ಕು, ಗಡಸು ನೀರಿನ ಸುಣ್ಣದ ಪರೆ. ಇವುಗಳಲ್ಲಿ ಲೋಳೆಯೇ ಬಲು ಹಟಮಾರಿ.

ಪಟ್ಟಣಗಳಲ್ಲೂ ಇದೇ ಗೋಳು. ಅಲ್ಲಿ ಕೆಲವು ಕಡೆ ಚರಂಡಿ ನೀರನ್ನು ತೆಳುವಾದ ಪೊರೆಯಿಂದ ಸೋಸುತ್ತಾರೆ. ಒಂದು ಮಿಲಿಮೀಟರನ್ನು 10,000 ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಪೊರೆಯ ರಂಧ್ರ ಹೆಚ್ಚುಕಡಿಮೆ ಅಷ್ಟು. ಜೋರಾಗಿ ಹೀರಿದರೆ ಬೇಗ ಕಟ್ಟಿಕೊಳ್ಳುತ್ತದೆ. 1989ರಲ್ಲಿ ಜಪಾನಿನ ಯಮಾಮೊಟೊ ಮತ್ತು ಅವರ ಸಂಗಡಿಗರು ಪೊರೆಯನ್ನು ಕೊಳೆ ನೀರಿನ ತೊಟ್ಟಿಯಲ್ಲೇ ಮುಳುಗಿಸಿ, ಮೆಲ್ಲಗೆ, ಬಿಟ್ಟು ಬಿಟ್ಟು ಹೀರುವ ಉಪಾಯವನ್ನು ಪ್ರಕಟಿಸಿದರು. ಈಗಿನ ಘಟಕಗಳಲ್ಲಿ ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟು ಪೊರೆಯನ್ನು ಉಜ್ಜುತ್ತಾರೆ, ನಡುನಡುವೆ ಹೀರುವುದನ್ನು ನಿಲ್ಲಿಸುತ್ತಾರೆ, ಎಷ್ಟೋ ಕಡೆ ಶುದ್ಧ ನೀರನ್ನು ಹಿಂದಕ್ಕೂ ಹಾಯಿಸುತ್ತಾರೆ. ಇಷ್ಟಾದ ಮೇಲೂ ಉಳಿದ ಲೋಳೆಗೆ ಕ್ಲೋರಿನ್ ದ್ರಾವಣ, ಸುಣ್ಣದ ಪರೆಗೆ ನಿಂಬೆಹುಳಿಯಂಥ ಆಮ್ಲ. ಮದ್ದು ಕಡೆಗೆ, ಬಿಡುವು ಮೊದಲು. ಈ ಕ್ರಮ ನಮಗೂ ಸಲ್ಲುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲು, ಮರಳಿನ ತೊಟ್ಟಿಗೆ ಮುಂಚೆ ಒಂದು ಸಣ್ಣ ತೊಟ್ಟಿ ಇರಲಿ. ನೀರು ಹೊರಹೋಗುವ ಕೊಳವೆಯ ಬಾಯಿ ನಡು ನೀರಿನಲ್ಲಿ ಮುಳುಗಿರಲಿ. ಜಿಡ್ಡು ತೇಲುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ವಾರಕ್ಕೊಮ್ಮೆ ಎರಡನ್ನೂ ತೆಗೆದು ಮಣ್ಣಿನಲ್ಲಿ ಹೂಳಿ. ಅನ್ನದ ಅಗುಳು, ಮುಸುರೆ ದನದ ಬಾನಿಗೆ ಹೋಗಲಿ, ತೊಟ್ಟಿಗೆ ಬೇಡ.

ಎರಡನೆಯದು, ಮರಳಿನ ತೊಟ್ಟಿ ಎರಡಿರಲಿ. ಒಂದು ವಾರ ಒಂದಕ್ಕೆ ನೀರು, ಇನ್ನೊಂದಕ್ಕೆ ಬಿಸಿಲು. ಒಣಗಿದ ಲೋಳೆ ಸುಕ್ಕುಗಟ್ಟಿ ಬಿರಿಯುತ್ತದೆ, ನೀರಿಗೆ ಮತ್ತೆ ದಾರಿಯಾಗುತ್ತದೆ.

ಮೂರನೆಯದು, ಆದರೂ ನೀರು ನಿಂತರೆ ಕೋಲಿನಿಂದ ಚುಚ್ಚಬೇಡಿ. ಕೊಳೆ ಆಳಕ್ಕೆ ಇಳಿಯುತ್ತದೆ. ಮೇಲಿನ ಒಂದಂಗುಲ ಮರಳನ್ನು ಕೆರೆದು, ತೊಳೆದು, ಒಣಗಿಸಿ ಮತ್ತೆ ಹಾಕಿ. ಬ್ಲೀಚಿಂಗ್ ಪುಡಿ ಸುರಿಯಬೇಡಿ. ಕೊಳೆ ತಿನ್ನುವ ಒಳ್ಳೆಯ ಜೀವಿಗಳೂ ಸಾಯುತ್ತವೆ, ಗಿಡದ ಬೇರಿಗೂ ಕೇಡು.

ಇನ್ನೊಂದು ಎಚ್ಚರಿಕೆ: ಕಕ್ಕಸಿನ ನೀರು ಇದಕ್ಕೆ ಸೇರಕೂಡದು. ಸೋಸಿದ ನೀರು ಕುಡಿಯಲು ಬಾರದು, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೂ ಬೇಡ. ಬಾಳೆ, ತೆಂಗಿನ ಬುಡಕ್ಕೆ ಅಂದಿನದನ್ನು ಅಂದೇ ಬಿಡಿ.

ಆ ತಾಯಿಯ ಮನೆಗೆ ನಾನು ಮತ್ತೆ ಹೋದೆ. ಜಿಡ್ಡಿನ ತೊಟ್ಟಿಯನ್ನೂ ಎರಡನೆಯ ಮರಳಿನ ತೊಟ್ಟಿಯನ್ನೂ ಕಟ್ಟಿಸಿದೆವು. ಕಳೆದ ಬೇಸಿಗೆಯಲ್ಲಿ ಹೋದಾಗ ಅವರೇ ಮರಳು ಕೆರೆಯುತ್ತಿದ್ದರು. ಎಂಟರಲ್ಲಿ ಆರು ಬಾಳೆ ಉಳಿದಿದ್ದವು. “ಎರಡು ನಿಮ್ಮ ಲೆಕ್ಕಕ್ಕೆ, ಸ್ವಾಮಿ” ಎಂದು ನಕ್ಕರು.

ನಿಮ್ಮ ಹಿತ್ತಲಲ್ಲಿ ಆ ಎರಡೂ ಉಳಿಯಲಿ.